ಬಾನೆಟ್ಟಿನ ಎಡಬದಿ

ಕರ್ಟ್ ಹೋದನೆಂದು ತಿಳಿದದ್ದು ತೊಂಬತ್ತಮೂರರ ನೆರೆಯಲ್ಲಿ. ಪೊಲೀಸ್ ಅಧಿಕಾರಿ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಾಗಲೇ ಆಂಬ್ರೋಸ್ ಕೆಸ್ಲರ್‌ಗೆ ಅರ್ಥವಾಯಿತು. ಮಗನ ಹಸಿರು ಕಾರು ಮಿಸೌರಿ ನದಿಗೆ ಇಳಿದದ್ದನ್ನು ದಂಡೆಯ ರೈತನೊಬ್ಬ ಕಂಡಿದ್ದ. ಇಳಿದದ್ದು ಮೇಲೆ ಬರಲಿಲ್ಲ. ಕಾರೂ ಸಿಗಲಿಲ್ಲ, ಇಪ್ಪತ್ತನಾಲ್ಕು ವರ್ಷದ ಮಗನೂ ಸಿಗಲಿಲ್ಲ. ಚರ್ಚಿನ ಹಿಂದೆ, ತಾಯಿಯ ಸಮಾಧಿಯ ಪಕ್ಕ, ಅವನ ಹೆಸರಿನ ಕಲ್ಲು ನಿಲ್ಲಿಸಿದರು. ಕಲ್ಲಿನ ಕೆಳಗೆ ಬರೀ ಮಣ್ಣಿತ್ತು.

ಅದರ ಹಿಂದಿನ ದಿನ ಅಪ್ಪ ಮಗನಿಗೆ ಜಗಳವಾಗಿತ್ತು. ಇಬ್ಬರೂ ಹಳೆಯ ಕಾರುಗಳ ತಗಡು ಬಡಿಯುವವರು. ಮಗ ಒಂದು ನಕಲು ಕಾರು ಕಟ್ಟಿ, ಅದರ ಚಾಸಿಗೆ ಸುಳ್ಳು ನಂಬರು ಹೊಡೆದು, ಅಸಲಿಯೆಂದು ಹರಾಜಿಗೆ ಕಳಿಸಿದ್ದ. “ಸುಳ್ಳು ಹೊಡೆದ ಕೈ ನನ್ನ ಮನೇಲಿ ಊಟ ಮಾಡೋದು ಬೇಡ,” ಎಂದಿದ್ದ ಆಂಬ್ರೋಸ್. ಮಗನಿಗೆ ಅವನು ಹೇಳಿದ ಕೊನೆಯ ಮಾತು ಅದೇ.

ಈಗ ಆಂಬ್ರೋಸ್‌ಗೆ ಎಂಬತ್ತೊಂದು. ಜನವರಿಯ ಹರಾಜಿನ ಪಟ್ಟಿಯಲ್ಲಿ ನದಿಗಿಳಿದ ಆ ಕಾರಿನ ಚಿತ್ರ ಕಂಡಾಗ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಸಿರು, ಎರಡು ಸೀಟು, ಐವತ್ತೇಳರ ಇಂಗ್ಲಿಷ್ ಮಾದರಿ. ಬಾನೆಟ್ಟಿನ ಮೇಲೆ ಗಾಳಿಯ ಸೀಳುಗಳು. ಬಲಕ್ಕೆ ಒಂಬತ್ತು, ಎಡಕ್ಕೆ ಎಂಟು.

ಕಂಪನಿ ಎರಡೂ ಕಡೆ ಒಂಬತ್ತು ಕೊಯ್ಯುತ್ತಿತ್ತು. ಮಗನ ಕಾರಿಗೆ ಹೊಸ ಬಾನೆಟ್ಟು ಬಡಿಯುವಾಗ ಎಡಗಡೆಯ ಒಂಬತ್ತನೆಯದು ಆಂಬ್ರೋಸನ ಉಳಿಯ ಕೆಳಗೆ ಹರಿದುಹೋಗಿತ್ತು. ಅದನ್ನು ಬಡಿದು ಮುಚ್ಚಿ, ಮೇಲೆ ಬಣ್ಣ ಹೊಡೆದಿದ್ದ. ಅಂಥ ಬಾನೆಟ್ಟು ಜಗತ್ತಿನಲ್ಲಿ ಒಂದೇ ಇತ್ತು. ಅದು ನದಿಯ ತಳದಲ್ಲಿರಬೇಕಿತ್ತು.

“ಯಾರೋ ಅದನ್ನ ಮೇಲೆತ್ತಿದ್ದಾರೆ,” ಎಂದು ಮಗಳು ಲೀನಾಳಿಗೆ ಹೇಳಿದ. “ಎತ್ತಿ ಬಾಯಿ ಮುಚ್ಚಿಕೊಂಡಿದ್ದಾರೆ. ಒಳಗೆ ಅವನಿದ್ದ. ಅವನನ್ನ ಏನು ಮಾಡಿದ್ರು?”

“ಅಪ್ಪ, ಸುಮ್ನೆ ಅಷ್ಟು ದೂರ...”

“ನನಗೆ ಕಾರು ಬೇಡಮ್ಮ. ಮೂಳೆ ಸಿಕ್ಕರೆ ಸಾಕು. ಆ ಕಲ್ಲಿನ ಕೆಳಗೆ ಇಟ್ಟು ಸಾಯ್ತೀನಿ.”

ಹರಾಜು ನಡೆಯುತ್ತಿದ್ದ ಅರಿಜೋನಾದ ಬಯಲಿನಲ್ಲಿ ಬಿಳಿ ಡೇರೆಗಳು. ಸರದಿ ಬರುವವರೆಗೆ ಮಾರುವವರು ತಮ್ಮ ತಮ್ಮ ಕಾರಿನ ಪಕ್ಕ ನಿಲ್ಲುವುದು ಅಲ್ಲಿನ ರೂಢಿ. ಹಸಿರು ಕಾರಿನ ಪಕ್ಕ ಮಡಚುವ ಕುರ್ಚಿಯಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಡೋರೀನ್ ಕಾರ್ವರ್ ಎಂದು ಚೀಟಿ ಹೇಳುತ್ತಿತ್ತು. ಎತ್ತಿದ ಬಾನೆಟ್ಟಿನ ಒಳಗೆ ಹಿತ್ತಾಳೆಯ ಫಲಕ: ‘ಇದು ನಕಲು. ಅಸಲಿ ಅಲ್ಲ.’

ಅಗಲ ಟೋಪಿಯವನೊಬ್ಬ ಅದನ್ನು ಓದಿ ನಕ್ಕ. “ಇಷ್ಟು ದಪ್ಪ ಅಕ್ಷರ ಯಾಕಮ್ಮ? ಹಲ್ಲು ಕಟ್ಟಿಸಿಕೊಂಡೋನು ಹಣೆ ಮೇಲೆ ಬೋರ್ಡು ಹಾಕ್ಕೊಂಡ ಹಾಗಿದೆ!”

“ಹಲ್ಲು ಗಟ್ಟಿ ಇದೆ, ಕಡಿದು ನೋಡಿ,” ಎಂದಳು ಅವಳು. ನಗಲಿಲ್ಲ.

ಆಂಬ್ರೋಸ್ ಹರಾಜಿನವರ ಮೆಕ್ಯಾನಿಕನನ್ನು ಕರೆತಂದ. ಅವನು ಕಾರಿನಡಿ ನುಸುಳಿ ಹೊರಬಂದು ಕೈ ಒರೆಸಿಕೊಂಡ. “ಯಜಮಾನ್ರೇ, ಇದು ನದಿ ಕಂಡ ಗಾಡಿ ಅಲ್ಲ. ಚಾಸಿ ಹೊಸದು. ಬೆಸುಗೆಗೆ ನಾಲ್ಕು ವರ್ಷ ಕೂಡ ಆಗಿಲ್ಲ. ಆಯಮ್ಮ ಸುಳ್ಳು ಹೇಳ್ತಿಲ್ಲ.”

ಆಂಬ್ರೋಸ್‌ನ ಅನುಮಾನ ಇನ್ನಷ್ಟು ಬಲವಾಯಿತು. ಕಂಪನಿಯ ನಕ್ಷೆ ನೋಡಿ ಕಟ್ಟಿದ್ದರೆ ಎರಡೂ ಕಡೆ ಒಂಬತ್ತಿರಬೇಕು. ಎಂಟು ಇರಬೇಕೆಂದರೆ ಮುಳುಗಿದ ಕಾರನ್ನೇ ಎದುರಿಗಿಟ್ಟುಕೊಂಡು ಅಳೆದಿರಬೇಕು. ಅದು ಇವಳ ಶೆಡ್ಡಿನಲ್ಲಿದೆ.

“ಅಸಲಿ ಎಲ್ಲಿಟ್ಟಿದ್ದೀಯ?” ಎಂದ. “ಪೊಲೀಸ್ರನ್ನ ಕರೆಯಲ್ಲ. ಅದರೊಳಗೆ ಇದ್ದವನನ್ನ ಎಲ್ಲಿ ಹಾಕಿದ್ರಿ, ಅದೊಂದು ಹೇಳಿಬಿಡು.”

ಅವಳು ಎದ್ದು ನಿಂತಳು. “ಏನು ಮಾತಾಡ್ತಿದ್ದೀರಿ? ಅಸಲಿ ನಮ್ಮ ಹತ್ರ ಯಾವತ್ತೂ ಇರಲಿಲ್ಲ. ಇದು ನಮ್ಮನೆಯವರು ಪಾಲ್ ಕಟ್ಟಿದ್ದು. ನವೆಂಬರ್‌ನಲ್ಲಿ ಎದೆನೋವು ಬಂತು, ಹೋಗಿಬಿಟ್ರು. ಶೆಡ್ಡಲ್ಲಿ ಇದನ್ನ ನೋಡ್ಕೊಂಡು ಇರೋಕೆ ಆಗ್ತಿಲ್ಲ, ಅದಕ್ಕೇ ತಂದೆ.”

“ಯಾವುದನ್ನ ನೋಡಿ ಅಳೆದ?”

“ಅಳೆಯಲೇ ಇಲ್ಲ. ಕಣ್ಣು ಮುಚ್ಚಿ ತಗಡಿನ ಮೇಲೆ ಕೈಯಾಡಿಸೋರು, ಆಮೇಲೆ ಬಡಿಯೋರು.”

“ಕಣ್ಣು ಮುಚ್ಚಿದವನಿಗೆ ಎಂಟು ಹೇಗೆ ಗೊತ್ತಾಯ್ತು?” ಆಂಬ್ರೋಸ್ ಬಾನೆಟ್ಟಿನ ಎಡಬದಿಗೆ ಬೆರಳಿಟ್ಟ.

“ನಾನೂ ಬೈದಿದ್ದೆ. ತಪ್ಪು ಕೊಯ್ತಿದ್ದೀರಿ, ನಗ್ತಾರೆ ಜನ ಅಂದೆ.” ಅವಳ ಕಣ್ಣು ತುಂಬಿತು. “ಪುಣ್ಯಾತ್ಮ, ನಾಚಿಕೆ ಬಿಟ್ಟು ಹಟ ಹಿಡಿದ್ರು. ಇದನ್ನ ಮುಗಿಸ್ತೀನಿ, ‘ನಕಲು’ ಅಂತ ದೊಡ್ಡದಾಗಿ ಬರೀತೀನಿ, ಇದರಲ್ಲೇ ಹೋಗಿ ಅಪ್ಪನ ಮನೆ ಮುಂದೆ ಇಳೀತೀನಿ ಅಂತಿದ್ರು. ಯಾವ ಊರು ಅಂತ ಮಾತ್ರ ನನಗೆ ಹೇಳಲಿಲ್ಲ. ಬಣ್ಣ ಒಣಗೋ ಮುಂಚೆ...”

“ಅಪ್ಪ?” ಎಂದಳು ಲೀನಾ. ಅವಳು ತಂದೆಯ ತೋಳು ಹಿಡಿದಿದ್ದಳು.

ಆಂಬ್ರೋಸ್‌ಗೆ ಕೇಳಿಸಲಿಲ್ಲ. “ಎಂಟು ಯಾಕೆ ಅಂದ?”

“‘ಒಂಬತ್ತನೆಯದು ಅಪ್ಪನ ಕೈಯಲ್ಲಿ ಹರಿದಿತ್ತು, ನಾನು ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದೆ,’ ಅಂದ್ರು.”

ಹರಾಜಿನವನ ಮೈಕು ಆ ಕಾರಿನ ಸರದಿ ಕೂಗಿತು. ಯಾರೂ ಕದಲಲಿಲ್ಲ.

“ಎಲ್ಲಿ ಮಣ್ಣು ಮಾಡಿದೆ, ಮಗಳೇ?” ಎಂದು ಡೋರೀನ್‌ಳನ್ನು ಕೇಳಿದ ಆಂಬ್ರೋಸ್.

“ಸೆಡೇಲಿಯಾದಲ್ಲಿ.”

ತನ್ನ ಮನೆಯಿಂದ ಎರಡು ಗಂಟೆಯ ದಾರಿ. ಮುದುಕ ಟೋಪಿ ತೆಗೆದು ಆ ಧೂಳಿನಲ್ಲೇ ಮೊಣಕಾಲೂರಿದ.

“ಪ್ರಭುವೇ, ಹತ್ತು ವಾರದ ಹಿಂದೆ ನಿನ್ನ ಬಳಿಗೆ ಬಂದ ನನ್ನ ಮಗ ಕರ್ಟ್‌ಗೆ ಶಾಂತಿ ಕೊಡು.”