ಗೆಲ್ಲಿಸಿದ ಆ ಒಂದು ವೋಟು

ಗುಲಾಲು ಕಣ್ಣಿಗೆ ಹೋಗಿ ಕಾಡಪ್ಪನಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ನಗುತ್ತಿದ್ದ. ಇಪ್ಪತ್ತನಾಲ್ಕರ ಹುಡುಗ ಪುಣೆಯ ಮುನಸಿಪಾಲಿಟಿಗೆ ಆರಿಸಿ ಬಂದಿದ್ದ. ವರ್ಷಗಟ್ಟಲೆ ಮೆಂಬರಾಗಿದ್ದ ಮುರುಗೆಪ್ಪನವರನ್ನು ಸೋಲಿಸಿದ್ದ. ಅದೂ ಒಂದೇ ಒಂದು ವೋಟಿನಿಂದ!

೧೯೩೮ರ ಆ ಮಧ್ಯಾಹ್ನ ರವಿವಾರ ಪೇಟೆಯ ಓಣಿಗೆ ಓಣಿಯೇ ಕುಣಿಯಿತು.

"ಆ ಒಂದು ವೋಟು ನಂದರೀ, ಸಾಹೇಬ್ರ!" ಕ್ಷೌರದ ಹೊಳಬಸಪ್ಪ ಓಡಿಬಂದು ಕೈ ಹಿಡಿದ. ಕಾಡಪ್ಪ ಉಬ್ಬಿಹೋದ. ಅವನ ಅಂಗಡಿಯ ಮುಂದಿನ ಗಟಾರ ಸರಿಮಾಡಿಸುತ್ತೇನೆಂದು ಅಲ್ಲೇ ಮಾತು ಕೊಟ್ಟ.

ತುಸು ಮುಂದೆ ಹೋಟೆಲಿನ ಸದಾನಂದರು ಅಡ್ಡ ಬಂದರು. "ಆ ವೋಟು ನನ್ನದು ಮಾರಾಯ! ಒಲೆಯ ಮೇಲೆ ಸಾಂಬಾರು ಬಿಟ್ಟು ಓಡಿಹೋಗಿ ಹಾಕಿ ಬಂದದ್ದು."

ಅವರಿಗೊಂದು ಬೀದಿದೀಪ.

ಗೋದಾಬಾಯಿ ಮಾಳಿಗೆಯ ಮೇಲಿಂದಲೇ ಮರಾಠಿಯಲ್ಲಿ ಕೂಗಿ ಅದೇ ಮಾತು ಹೇಳಿದಳು. ಅವಳ ವಾಡೆಗೊಂದು ನಳ. ಸಂಜೆಯ ಹೊತ್ತಿಗೆ ಆ ಒಂದು ವೋಟಿಗೆ ಓಣಿಯ ತುಂಬ ಒಡೆಯರು. ಅದು ನನ್ನದು ಎನ್ನದೆ ಉಳಿದವನು ಕಾಡಪ್ಪ ಒಬ್ಬನೇ.

ಮನೆಯಲ್ಲಿ ತಾಯಿ ಬಸವಣ್ಣೆವ್ವ ದೃಷ್ಟಿ ತೆಗೆದು, ಪೇಡೆಯ ಪೊಟ್ಟಣ ಕೈಗಿಟ್ಟಳು. "ಮೊದಲ ಮುರುಗೆಪ್ಪ ಕಾಕಾರ ಕಾಲಿಗೆ ಬಿದ್ದು ಬಾ. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು."

ಕಾಡಪ್ಪನ ನಗೆ ಇಂಗಿತು. ಪ್ರಚಾರದ ಭಾಷಣಗಳು ಒಂದೊಂದಾಗಿ ನೆನಪಾದವು. ಕಾಲೆಳೆಯುತ್ತಲೇ ಹೋದ.

ಮುರುಗೆಪ್ಪನವರು ಜೋಕಾಲಿಯ ಮೇಲೆ ಕೂತಿದ್ದರು. "ಬರ್ರಿ ಬರ್ರಿ, ಮೆಂಬರ್ ಸಾಹೇಬ್ರ!"

ಕಾಡಪ್ಪ ದಡಕ್ಕನೆ ಕಾಲಿಗೆ ಬಿದ್ದ. "ತಪ್ಪಾತ್ರಿ ಕಾಕಾ. ಇಷ್ಟು ವರ್ಷ ಇವರು ಓಣಿಗೆ ಏನು ಮಾಡ್ಯಾರ ಅಂತ ಮಂದಿ ಮುಂದ ಕೇಳಿಬಿಟ್ಟೆ."

"ನಾನೂ ಗರ್ದಿಯೊಳಗ ನಿಂತು ಕೇಳಿದೆ. ಮನೀಗೆ ಬಂದು ಭಾಳ ವಿಚಾರ ಮಾಡಿದೆ, ಖರೇನ ಏನು ಮಾಡೀನಿ ಅಂತ." ಮುರುಗೆಪ್ಪನವರು ಒಂದು ಪೇಡೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದರು. "ಒಂದೂ ನೆನಪಾಗಲಿಲ್ಲಪಾ!"

ಕಾಡಪ್ಪ ಮೆಲ್ಲನೆ ಎದ್ದು ನಿಂತ.

"ಅದಕ್ಕ ನನ್ನ ವೋಟು ನಿನಗ ಹಾಕಿದೆ," ಎಂದರು ಅವರು. "ನಿನ್ನ ಗೆಲ್ಲಿಸಿದ ಆ ಒಂದು ವೋಟು ನಂದು, ತಮ್ಮಾ." ಹೇಳಿ ನಕ್ಕರು. ಜೋಕಾಲಿಯ ಸರಪಳಿ ಕಿರುಗುಡುವ ಹಾಗೆ ಹೊಟ್ಟೆ ಕುಣಿಸಿ ನಕ್ಕರು.

ಕಾಡಪ್ಪನ ಕಿವಿ ಕೆಂಪಗಾದವು. ಬಾಗಿಲತ್ತ ಒಮ್ಮೆ ನೋಡಿ, ಅವರ ಕಿವಿಯ ಹತ್ತಿರ ಬಾಗಿದ.

"ಯಾರ ಮುಂದೂ ಹೇಳಬ್ಯಾಡ್ರಿ ಕಾಕಾ. ನನ್ನ ವೋಟು ನಾ ನಿಮಗ ಹಾಕೀನಿ."