ಹಗೇವಿನ ಜೋಳ

ಸಂಡಾಸದ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಬೀದಿಗೆ ಬಂದರೆ ಇವತ್ತಿಗೂ ನನಗೆ ಅಜ್ಜಿಯ ಹಗೇವು ನೆನಪಾಗುತ್ತದೆ.

ಹಗೇವೆಂದರೆ ಕಣದ ನೆಲದಡಿ ಜೋಳ ತುಂಬಿಡುವ ಗುಂಡಿ. ಅದರ ಹತ್ತಿರ ಅಜ್ಜಿ ಯಾರಿಗೂ ಚಪ್ಪಲಿ ಮೆಟ್ಟಗೊಡುತ್ತಿರಲಿಲ್ಲ. ಬಾಗೇವಾಡಿ ಪೇಟೆ ನಮ್ಮೂರ ತನಕ ಹಬ್ಬಿದಾಗ ಅಪ್ಪ, ಜೋಳ ತೆಗೆಯುವ ಮೊದಲೇ, ಕಣವನ್ನು ಲೇಔಟಿನವರಿಗೆ ಮಾರಿಬಿಟ್ಟ. ಒಂದು ಮಧ್ಯಾಹ್ನ ನಾನು ಅಜ್ಜಿಯ ಜೊತೆ ಹೋಗಿ ನೋಡಿದರೆ ಹೊಸ ಮನೆಗಳ ಸಂಡಾಸದ ಪೈಪು ಬಾಯಿ ತೆರೆದ ಹಗೇವಿನೊಳಗೇ ಇಳಿದಿತ್ತು. ಬಿಳಿ ಜೋಳದ ಮೇಲೆ ಹಳದಿ ನೀರು ಗುಳುಗುಳು ಸುರಿಯುತ್ತಿತ್ತು.

"ಒಳಗ ಜ್ವಾಳ ಐತೋ!" ಅಜ್ಜಿ ಚೀರಿದಳು.

"ಹಳೇ ಜ್ವಾಳ ಬಿಡಬೇ ಯವ್ವಾ, ತಯಾರ ಗುಂಡಿ ಸಿಕ್ಕೈತಿ," ಎಂದು ಗುತ್ತಿಗೆದಾರ ಹಲ್ಲು ಕಿಸಿದ.

ಸಂಜೆ ಅಪ್ಪ ಊಟಕ್ಕೆ ಕೂತ. ಅಜ್ಜಿ ಅವನ ಮುಂದೆ ಬರೀ ತಾಟು ಕುಕ್ಕಿದಳು.

"ಜ್ವಾಳ ಅಲ್ಲೇ ಐತಿ. ಹೋಗಿ ತಿನ್ನು."