ಕೊಟ್ಟಿಗೆಯ ನೀಲಿ ತಟ್ಟೆ

"ಅದನ್ನ ಮುಟ್ಟಬ್ಯಾಡ, ವಿರುಪಿ! ಇಂಥಾವಕ್ಕ ಅಮೇರಿಕಾದಾಗ ಭಾಳ ಬೆಲೆ ಐತಂತ."

ಕಮಲಾಪುರದ ಅಕ್ಕಿ ಗಿರಣಿ ಮನೆಯ ಗಂಗಾಂಬಿಕಾ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಬುಕ್ಕಸಾಗರದ ವಿರುಪಮ್ಮ ಸೂರಿನ ಸಂದಿಯಿಂದ ಪಿಂಗಾಣಿ ತಟ್ಟೆಯೊಂದನ್ನು ಇಳಿಸಿ ಸೆರಗಿನಿಂದ ಒರೆಸುತ್ತಿದ್ದಳು. ನಡುವೆ ಹೊಗೆಯುಗುಳುವ ನೀಲಿ ಹಡಗು, ಅಂಚಿಗೆ ರೆಕ್ಕೆ ಬಿಚ್ಚಿದ ಹದ್ದು. ಅಮೇರಿಕದವರಿಗೆಂದೇ ಇಂಗ್ಲೆಂಡಿನಲ್ಲಿ ಅಚ್ಚೊತ್ತಿದ ಮಾಲು. ಯಾವ ಕಾಲದಲ್ಲೋ ಮದ್ರಾಸಿನ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕು ಈ ಸೀಮೆಯ ದೊಡ್ಡ ಮನೆಗಳಿಗೆ ಹಂಚಿಹೋಗಿತ್ತು. ಪಿಂಗಾಣಿ ಅಡುಗೆಮನೆಗೆ ಸಲ್ಲದೆಂದು ಕೊಟ್ಟಿಗೆ ಸೇರಿ, ಕೂಲಿಯವರಿಗೆ ಊಟ ಬಡಿಸುವ ತಟ್ಟೆಯಾಗಿತ್ತು.

ವಿರುಪಮ್ಮ ಊರೂರು ತಿರುಗಿ ಇಂಥವನ್ನೇ ಕೂಡಿಸುತ್ತಿದ್ದಳು. ಶೋಕೇಸಿನಲ್ಲಿದ್ದದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಿದ್ದಳು. ಕೊಟ್ಟಿಗೆಯದೇ ಬೇಕು. ಬಿರುಕು ಬಿಟ್ಟಿದ್ದರೂ ಸರಿ.

"ನಮ್ಮವ್ವ ಇಲ್ಲಿ ಕೂಲಿಗೆ ಬಂದಾಗ ಇದರಾಗ ಉಂಡಾಳ್ರಿ. ನನಗ ಬೇಕು."

"ನಿಮ್ಮವ್ವ ಉಂಡ್ರ ನಿಮ್ಮದಾತೇನು? ನಾ ಶೋಕೇಸಿನಾಗ ಇಡ್ತೀನಿ."

"ಇಡ್ರಿ ಅಮ್ಮಾರ. ಮೊದಲು ಇದರಾಗ ಒಂದು ತುತ್ತು ಉಣ್ರಿ. ಬಿಟ್ಟು ಹೋಗ್ತೀನಿ."

ವಿರುಪಮ್ಮ ತಟ್ಟೆ ಮುಂದೆ ನೀಡಿದಳು. ಗಂಗಾಂಬಿಕಾಳ ಕೈ ಸೀರೆಯ ನೆರಿಗೆಯಲ್ಲೇ ಉಳಿಯಿತು.

"ಒಯ್ಯಿ ಮಾರಾಯ್ತಿ! ಒಯ್ದು ಏನ್ ಮಾಡ್ತಿ, ಊರಿಗೆಲ್ಲ ತೋರಿಸಿ ಮೆರಿತೀಯೇನು?"

"ಹೊಸ ಮನಿ ಕಟ್ಟಿಸಾಕತ್ತೀನ್ರಿ. ಗೌಂಡಿ ಹುಲುಗೇಶ ಇದೊಂದಕ್ಕ ಕಾಯಾಕತ್ತಾನ. ಗೃಹಪ್ರವೇಶಕ್ಕ ಬರ್ರಿ, ನೀವೂ ನೋಡೀರಂತ."

ಗೋಡೆಯಲ್ಲಿ ಗಾಜಿನ ಗೂಡು ಕೊರೆಸುತ್ತಿದ್ದಾಳೆ ಅಂದುಕೊಂಡಳು ಗಂಗಾಂಬಿಕಾ. ಹೊಟ್ಟೆ ಉರಿಯಿತು.

ಉರಿದರೂ, ನೋಡದೆ ಇರಲಾಗಲಿಲ್ಲ. ಗೃಹಪ್ರವೇಶದ ದಿನ ಬುಕ್ಕಸಾಗರಕ್ಕೆ ಕಾರಿನಲ್ಲಿ ಬಂದಿಳಿದಳು. ಊರೆಲ್ಲ ಅಲ್ಲೇ ಇತ್ತು. ಚಪ್ಪಲಿ ಬಿಟ್ಟು, ಬಾಗಿಲ ಮುಂದೆ ಕಾಲು ತೊಳೆಯುವ ಕಟ್ಟೆಯ ಮೇಲೆ ನಿಂತು, ಕತ್ತು ಚಾಚಿ ಒಳಗೆ ನೋಡಿದಳು. ಗೋಡೆಯ ಮೇಲೊಂದು ಗಡಿಯಾರ, ಒಂದು ಕ್ಯಾಲೆಂಡರ್. ಗೂಡಿಲ್ಲ, ಗಾಜಿಲ್ಲ.

"ಎಲ್ಲೈತೇ ನಮ್ಮ ತಾಟು? ಮಾರಿಕೊಂಡಿಯೇನು?"

"ಅವಸರ ಯಾಕ್ರಿ ಅಮ್ಮಾರ? ಮೊದಲು ಕಾಲಿಗೆ ನೀರು ತಗೋರಿ."

ವಿರುಪಮ್ಮ ತಾನೇ ಚೆಂಬು ಬಗ್ಗಿಸಿದಳು. ಬಂದವರೆಲ್ಲ ತೊಳೆದುಹೋದ ಕಾಲಿನ ಕೆಸರು ಜಾರಿತು. ಗಂಗಾಂಬಿಕಾಳ ಹಿಮ್ಮಡಿಯ ಅಡಿಯಲ್ಲಿ ಹದ್ದಿನ ಒಂದು ರೆಕ್ಕೆ, ಬೆರಳುಗಳ ಕೆಳಗೆ ಅರ್ಧ ಹಡಗು, ಸುತ್ತಲೂ ಸೀಮೆಯ ಕೊಟ್ಟಿಗೆಗಳ ತಟ್ಟೆಗಳೆಲ್ಲ ಚೂರುಚೂರಾಗಿ, ಸಿಮೆಂಟಿನಲ್ಲಿ ಗಟ್ಟಿಯಾಗಿ ಕೂತು ನೀಲಿ ಹೊಳೆದವು.